ಫೋಟೊ ನೋಡಿ ಕೊಟ್ಟ ಪದಕ

ಯುವಜನ ಇಲಾಖೆಯ ನಿರ್ದೇಶಕರಾದ

ಮಾನ್ಯರೇ,

ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನೂರ ನಲವತ್ತು ಮಕ್ಕಳು ನಿಮ್ಮ ಇಲಾಖೆಯ ಸಾಹಸ ಕಾರ್ಯಕ್ರಮದ ಹಗ್ಗದ ಸೇತುವೆಯ ಮೇಲೆ ನಡೆಯಲಿದ್ದಾರೆ. ಕೆಳಗೆ ಹಳೆಯ ಕಲ್ಲುಗಣಿ, ಅದರ ತುಂಬ ನೀರು. ಆ ಸೇತುವೆ ನಿಲ್ಲುವುದಿಲ್ಲ. ಈ ಒಂದು ಸಾಲಿಗಾಗಿಯೇ ನಾನು ಈ ಪತ್ರ ಬರೆಯುತ್ತಿದ್ದೇನೆ. ತಮಗೆ ಕೆಲಸದ ಒತ್ತಡ ಹೆಚ್ಚೆಂದು ಕೇಳಿದ್ದೇನೆ. ಮುಂದಿನದನ್ನು ಓದಲು ಪುರುಸೊತ್ತಿಲ್ಲದಿದ್ದರೆ ಇಷ್ಟನ್ನೇ ಓದಿ, ಸೇತುವೆ ಬಿಚ್ಚಿಸಿಬಿಡಿ. ಮುಂದಿನದೆಲ್ಲ ನನ್ನ ತಪ್ಪೊಪ್ಪಿಗೆ. ಅದನ್ನು ಸೋಮವಾರ ನಿಧಾನವಾಗಿ ಓದಬಹುದು.

ನಾನು ಯಾರು ಇದನ್ನೆಲ್ಲ ಹೇಳಲು ಎಂದು ತಾವು ಕೇಳಬಹುದು. ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವವನು. ಮೂವತ್ತೊಂದು ವರ್ಷದಿಂದ ಹಗ್ಗಕ್ಕೆ ಜೋತುಬಿದ್ದು ಹೊಟ್ಟೆ ಹೊರೆಯುತ್ತಿದ್ದೇನೆ. ಈಗ ನನ್ನ ಕೈಕೆಳಗೆ ಎಂಟು ಜನ ಇದ್ದಾರೆ, ಅವರಲ್ಲಿ ಒಬ್ಬನೂ ಇವತ್ತಿನವರೆಗೆ ಬಿದ್ದಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ನಾನು ಸ್ಕೌಟ್ ದಳದ ಅತ್ಯುನ್ನತ ಪದಕ ಪಡೆದೆ. ಅದರಿಂದ ನನಗೆ ಸಿಕ್ಕಿದ್ದು ಮಾರ್ಕೂ ಅಲ್ಲ, ಸೀಟೂ ಅಲ್ಲ, ಒಂದು ಕಾಯಿಲೆ. ಎಲ್ಲೇ ಹಗ್ಗ ಕಂಡರೂ ಅದರ ಗಂಟನ್ನು ನೋಡದೆ ಮುಂದೆ ಹೋಗಲಾರೆ. ನೆಂಟರ ಮನೆಗೆ ಹೋದರೆ ಅವರು ಬಟ್ಟೆ ಒಣಹಾಕುವ ಹಗ್ಗವನ್ನೂ ಬಿಚ್ಚಿ ಸರಿಯಾಗಿ ಕಟ್ಟಿ ಬರುತ್ತೇನೆ. ಈಗೀಗ ಅವರು ಕರೆಯುವುದೂ ಕಡಿಮೆಯಾಗಿದೆ.

ಈ ಕಾಯಿಲೆ ಹಚ್ಚಿದವರು ನಮ್ಮ ಸ್ಕೌಟ್ ಮಾಸ್ಟರು. ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ನಾವು ಹಿಂದಿನಿಂದ ಅವರನ್ನು 'ಇನ್ನೊಂದ್ಸಲ ಮೇಷ್ಟ್ರು' ಎನ್ನುತ್ತಿದ್ದೆವು, ಯಾಕೆಂದರೆ ಅವರ ಬಾಯಲ್ಲಿ ಬರುತ್ತಿದ್ದದ್ದು ಅದೊಂದೇ ಮಾತು. ಪದಕದ ಪರೀಕ್ಷೆಯಲ್ಲಿ ಅವರು ಗಂಟನ್ನು ಕಟ್ಟಿದ ಕೂಡಲೇ ನೋಡುತ್ತಿರಲಿಲ್ಲ. ಮರಕ್ಕೆ ಹಗ್ಗ ಕಟ್ಟಿಸಿ, ಇಡೀ ದಳವನ್ನು ಅದರ ಇನ್ನೊಂದು ತುದಿಗೆ ನಿಲ್ಲಿಸಿ, ನೂರು ಸಲ ಎಳೆಸಿ ನೂರು ಸಲ ಸಡಿಲ ಬಿಡಿಸುತ್ತಿದ್ದರು. ಆಮೇಲೆ ಕನ್ನಡಕ ಹಾಕಿಕೊಂಡು ಹತ್ತಿರ ಬರುತ್ತಿದ್ದರು. ನನ್ನ ಗಂಟು ಮೊದಲ ಸಲ ಎಪ್ಪತ್ಮೂರನೆಯ ಎಳೆತಕ್ಕೆ ಬಿಚ್ಚಿಕೊಂಡಿತು. ಎಲ್ಲರೂ ಅಂಗಾತ ಬಿದ್ದರು, ನಾನು ಅತ್ತೆ. "ಅಳೋದಾದ್ರೆ ಆಮೇಲೆ ಅಳು. ಇನ್ನೊಂದ್ಸಲ ಕಟ್ಟು," ಎಂದರು. ಎರಡನೆಯ ಸಲವೂ ಫೇಲಾದೆ. ಹದಿನೆಂಟು ತಿಂಗಳಾದ ಮೇಲೆ ಪದಕ ಬಂತು. ಪದಕ ಚುಚ್ಚುವಾಗ ಅವರು ಶಹಬ್ಬಾಸ್ ಎನ್ನಲಿಲ್ಲ, ನನ್ನ ಅಂಗೈ ತಿರುಗಿಸಿ ಅಲ್ಲಿನ ಜಡ್ಡನ್ನು ಮುಟ್ಟಿ ನೋಡಿದರು.

ತಮ್ಮ ಇಲಾಖೆಗೆ ಇದೆಲ್ಲ ಬಹಳ ನಿಧಾನ ಎನಿಸಿತು. ಎರಡು ವರ್ಷದ ಹಿಂದೆ ಈ ಪದಕ ಇದ್ದವರಿಗೆ ವೃತ್ತಿ ಶಿಕ್ಷಣದ ಪ್ರವೇಶದಲ್ಲಿ ಹೆಚ್ಚುವರಿ ಅಂಕ ಎಂದು ಸುತ್ತೋಲೆ ಹೊರಡಿಸಿದಿರಿ. ಮಕ್ಕಳು ಸಾಲುಗಟ್ಟಿದರು. ತಪ್ಪೇನಿಲ್ಲ, ನಾನಾಗಿದ್ದರೂ ನಿಲ್ಲುತ್ತಿದ್ದೆ. ಆದರೆ ಅಷ್ಟು ಮಕ್ಕಳಿಗೆ ಕಲಿಸುವವರು ಇರಲಿಲ್ಲವಾದ್ದರಿಂದ ತಾವು 'ಸರಳೀಕರಣ' ಎಂಬ ಸುಂದರವಾದ ಪದವನ್ನು ಹುಡುಕಿದಿರಿ. ಹದಿನೆಂಟು ತಿಂಗಳು ಎರಡು ದಿನದ ವರ್ಕ್‌ಶಾಪ್ ಆಯಿತು. ನೂರು ಎಳೆತ ಒಂದು ಫೋಟೊ ಆಯಿತು. ವಿದ್ಯಾರ್ಥಿ ಗಂಟು ಕಟ್ಟಿ ಫೋಟೊ ಕಳಿಸಿದರೆ ಸಾಕು, ಗೌರವ ಪರೀಕ್ಷಕರು ಕೂತಲ್ಲೇ ನೋಡಿ ಸಹಿ ಹಾಕುತ್ತಾರೆ. ಹೀಗೆಯೇ ಈಜನ್ನೂ ಫೋಟೊದಲ್ಲಿ ಪಾಸು ಮಾಡಬಹುದಲ್ಲವೇ? ವಿಮಾನ ಹಾರಿಸುವುದನ್ನು? ಹೊಟ್ಟೆ ಕೊಯ್ದು ಹೊಲಿಯುವುದನ್ನು?

ಇಷ್ಟು ಹೊತ್ತು ತಮ್ಮನ್ನು ಆಡಿಕೊಂಡೆ. ಈಗ ನನ್ನ ಸರದಿ. ಆ ಗೌರವ ಪರೀಕ್ಷಕರಲ್ಲಿ ನಾನೂ ಒಬ್ಬ.

ಹಳೆಯ ಪದಕಧಾರಿ ಎಂದು ತಮ್ಮ ಕಚೇರಿಯಿಂದ ಪತ್ರ ಬಂದಾಗ ನನಗೆ ಹಿಗ್ಗೋ ಹಿಗ್ಗು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಎರಡನೆಯ ಮಹಡಿಯ ಮೂಲೆಯ ಕೋಣೆ, ಒಂದು ಕಂಪ್ಯೂಟರು, ತಟ್ಟೆಯಲ್ಲಿ ಬಿಸ್ಕತ್ತು, ಗುಮಾಸ್ತರು ಒಬ್ಬರು. ಒಂದು ಗಂಟೆಯಲ್ಲಿ ಅರವತ್ತೊಂದು ಫೋಟೊ.

"ಹಿಂದಗಡೆ ಹೇಗಿದೆ ಅಂತ ನೋಡಬೇಕಲ್ಲ," ಎಂದೆ ನಾನು.

"ಮುಂದೆ ಚೆನ್ನಾಗಿದೆಯಲ್ಲ ಸಾರ್," ಎಂದರು ಗುಮಾಸ್ತರು. "ಊಟದ ಹೊತ್ತಿಗೆ ಮುಗಿಸಿಬಿಡೋಣ."

ಮುಗಿಸಿಬಿಟ್ಟೆವು. ಮೂವತ್ತೆಂಟನೆಯ ಫೋಟೊ ನನ್ನ ತಂಗಿಯ ಮಗಳದು. ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತೇವೆ. ಹದಿನೇಳು ವರ್ಷ, ನರ್ಸಿಂಗ್ ಓದುವ ಆಸೆ. ಗಂಟು ನೋಡಲು ಎಷ್ಟು ಲಕ್ಷಣವಾಗಿತ್ತೆಂದರೆ ನಮ್ಮ ವಂಶದಲ್ಲಿ ಇನ್ನೊಬ್ಬಳು ತಯಾರಾದಳು ಎಂದು ಕಣ್ಣು ತುಂಬಿಕೊಂಡೇ ಸಹಿ ಹಾಕಿದೆ.

ಹೋದ ತಿಂಗಳು ಗುಬ್ಬಿ ರಜೆಯಲ್ಲಿ ನನ್ನ ಕೆಲಸದ ಜಾಗಕ್ಕೆ ಬಂದಿದ್ದಳು. ಆರನೆಯ ಮಹಡಿಗೆ ಬಣ್ಣದ ಬಕೆಟ್ಟು ಮೇಲಕ್ಕೆಳೆಯುವ ಹಗ್ಗ ಹೊಸದಾಗಿತ್ತು. "ಬೌಲೈನ್ ಹಾಕು ನೋಡೋಣ," ಎಂದು ಅವಳ ಕೈಗೇ ಕೊಟ್ಟೆ. ಬೌಲೈನ್ ಎಂದರೆ ಹಗ್ಗದ ತುದಿಯಲ್ಲಿ ಜಾರದ ಕುಣಿಕೆ ಹಾಕುವ ಗಂಟು. ನಮ್ಮ ಕಸುಬಿನಲ್ಲಿ ಪ್ರಾಣ ನಿಂತಿರುವುದು ಅದರ ಮೇಲೆ. ಹಾಕಿದಳು, ಫೋಟೊದಲ್ಲಿದ್ದಂತೆಯೇ. ಬಕೆಟ್ಟು ಮೇಲೆ ಹೋಯಿತು, ಕೆಳಗೆ ಬಂತು. ಹತ್ತು ಸಲ, ಹದಿನೈದು ಸಲ. ಇಪ್ಪತ್ತರ ಆಸುಪಾಸಿನಲ್ಲಿ ಐದನೆಯ ಮಹಡಿಯ ಹತ್ತಿರ ಗಂಟು ಸದ್ದಿಲ್ಲದೆ ಬಿಚ್ಚಿಕೊಂಡಿತು. ಬಕೆಟ್ಟು ಬಿದ್ದ ಜಾಗದಲ್ಲಿ ಎರಡು ನಿಮಿಷದ ಹಿಂದೆ ನಮ್ಮ ಹುಡುಗನೊಬ್ಬ ಬ್ರಷ್ ತೊಳೆಯುತ್ತ ಕೂತಿದ್ದ. ನೀರು ಮುಗಿಯಿತೆಂದು ಎದ್ದು ಹೋಗಿದ್ದ.

ಗುಬ್ಬಿಯ ಮುಖ ಬಿಳಿಚಿಹೋಗಿತ್ತು. "ಮಾವ, ನಾನು ಕಟ್ಟಿದ್ದು ಸರಿಯಾಗೇ ಇತ್ತಲ್ವಾ?"

"ಇತ್ತು. ಆದ್ರೆ ಇದು ಹೊಳೆಯೋ ಹಗ್ಗ ಕಣೇ, ಹಿಡಿತ ಇರಲ್ಲ. ಭಾರ ಬಿದ್ರೆ ಬಿಗಿಯಾಗುತ್ತೆ, ಬಿಟ್ರೆ ಸಡಿಲ ಆಗುತ್ತೆ. ತುದಿ ಉದ್ದ ಬಿಟ್ಟು ಅದನ್ನ ಇನ್ನೊಂದು ಗಂಟಲ್ಲಿ ಭದ್ರ ಮಾಡ್ಬೇಕು. ವರ್ಕ್‌ಶಾಪಲ್ಲಿ ಹೇಳ್ಕೊಡ್ಲಿಲ್ವಾ?"

"ವರ್ಕ್‌ಶಾಪಲ್ಲಿ ಹಗ್ಗಾನೇ ಇರ್ಲಿಲ್ಲ ಮಾವ. ಎಲ್ರೂ ಶೂ ಲೇಸಲ್ಲಿ ಕಟ್ಟಿ, ಹತ್ತಿರದಿಂದ ಫೋಟೊ ತೆಗೆದ್ವಿ."

ಮೂವತ್ತೊಂದು ವರ್ಷ ಹಗ್ಗದಲ್ಲೇ ಬದುಕಿದವನು ನಾನು, ಅರವತ್ತೊಂದು ಶೂ ಲೇಸುಗಳನ್ನು ಹಗ್ಗವೆಂದು ತಿಳಿದು ಪಾಸು ಮಾಡಿದ್ದೆ. ಬಿಸ್ಕತ್ತು ತಿನ್ನುತ್ತ.

ಈಗ ಆ ಅರವತ್ತೊಂದು ಮಕ್ಕಳ ಕೈಯಲ್ಲೇ ತಾವು ಗಣಿಯ ಮೇಲೆ ಸೇತುವೆ ಕಟ್ಟಿಸಿದ್ದೀರಿ. ಅದನ್ನು ದಾಟುವವರು ಎಂಟು, ಒಂಬತ್ತು, ಹತ್ತು ವರ್ಷದ ಮಕ್ಕಳು. ಮುಖ್ಯ ಹಗ್ಗದ ಗಂಟು ಹಾಕಿರುವವಳು ಗುಬ್ಬಿ, ಫೋಟೊದಲ್ಲಿ ಅವಳದೇ ಅತಿ ಲಕ್ಷಣವಾಗಿತ್ತಲ್ಲ. ನನಗೆ ಬರುವುದಿಲ್ಲ, ನನ್ನನ್ನು ಬಿಟ್ಟುಬಿಡಿ ಎಂದು ಅವಳು ಅರ್ಜಿ ಬರೆದುಕೊಟ್ಟಳು. ಮೂರೇ ದಿನದಲ್ಲಿ ಉತ್ತರ ಬಂತು. ಅಷ್ಟು ಬೇಗ ತಮ್ಮ ಕಚೇರಿಯಿಂದ ಉತ್ತರ ಬಂದದ್ದನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಕಾರ್ಯಕ್ರಮಕ್ಕೆ ಗೈರಾದರೆ ಪದಕ ವಾಪಸು, ಅಂಕ ರದ್ದು. ಅಂದರೆ ಸೀಟೂ ಹೋಯಿತು. ನನ್ನ ತಂಗಿ ಹೊಲಿಗೆ ಯಂತ್ರದ ಮುಂದಿನಿಂದ ಏಳದೆಯೇ ಹೇಳಿದಳು: "ಅಣ್ಣ, ನೀನು ಸುಮ್ನಿರು. ಸೀಟು ಹೋದ್ರೆ ನೀನು ಕೊಡಿಸ್ತೀಯಾ?"

ಮೊನ್ನೆ ಮಂಗಳವಾರ ನಾನೇ ಗಣಿಗೆ ಹೋದೆ. ಕಾವಲುಗಾರ ಒಳ್ಳೆಯವನು, ಮುಟ್ಟದೆ ನೋಡು ಎಂದು ಬಿಟ್ಟ. ನೀಲಿ ಬಣ್ಣದ, ಮಿರಮಿರ ಮಿಂಚುವ ಹೊಚ್ಚ ಹೊಸ ಹಗ್ಗ. ವೇದಿಕೆಯ ಬಟ್ಟೆಗೆ ಹೊಂದುವ ಬಣ್ಣ ಹುಡುಕಿ ತಂದಿದ್ದಾರಂತೆ. ತುದಿ ಉದ್ದ ಬಿಟ್ಟರೆ ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಗುಬ್ಬಿಗೆ ಬಿಡಗೊಡಲಿಲ್ಲವಂತೆ, ಗಂಟಿನಾಚೆ ಇರುವುದು ನನ್ನ ಹೆಬ್ಬೆರಳಿನಷ್ಟೂ ಇಲ್ಲ. ಆ ಸೇತುವೆಯ ಮೇಲೆ ಇನ್ನೂ ಒಂದು ಬೆಕ್ಕೂ ನಡೆದಿಲ್ಲ, ಬರೀ ಗಾಳಿಗೆ ತೂಗಾಡಿದೆ. ಅಷ್ಟಕ್ಕೇ ಗಂಟಿನ ನಡುವೆ ಬೆಳಕು ಕಾಣುತ್ತಿತ್ತು. ಕೆಳಗೆ ನೀರು ಕಪ್ಪಗೆ, ಅಲ್ಲಾಡದೆ ಬಿದ್ದಿತ್ತು. ದಡವೆಂಬುದಿಲ್ಲ, ನಾಲ್ಕೂ ಕಡೆ ಕಡಿದ ಕಲ್ಲಿನ ನೆಟ್ಟಗಿನ ಗೋಡೆ, ಹಿಡಿದು ಹತ್ತಲು ಒಂದು ಬೇರೂ ಇಲ್ಲ. ಮುಳುಗುವವರಿಗೆ ಎಸೆಯುವ ರಬ್ಬರ್ ಬಳೆ ಒಂದೇ ಒಂದಿತ್ತು. ಅದನ್ನು ವೇದಿಕೆಯ ಹಿಂದೆ ಮೊಳೆ ಹೊಡೆದು ನೇತುಹಾಕಿ, ಸುತ್ತ ಸುಸ್ವಾಗತ ಎಂದು ಬರೆದಿದ್ದರು.

ಅಲ್ಲಿಂದ ನೆಟ್ಟಗೆ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಸಹಾಯಕ ನಿರ್ದೇಶಕರು ಕೂರಿಸಿ ಮಾತಾಡಿದರು. ಎಲ್ಲ ಗಂಟನ್ನೂ ನಾನೇ ಮತ್ತೆ ಕಟ್ಟಿಕೊಡುತ್ತೇನೆ, ನನ್ನ ಎಂಟೂ ಜನರನ್ನು ಕರೆತರುತ್ತೇನೆ ಎಂದೆ. ಅನಧಿಕೃತ ವ್ಯಕ್ತಿಗಳು ಮುಟ್ಟುವಂತಿಲ್ಲ ಎಂದರು. ಯಾರಾದರೂ ಪರೀಕ್ಷೆ ಮಾಡಿದ್ದಾರಾ ಎಂದು ಕೇಳಿದೆ. ಅವರು ಕಡತ ತೆರೆದು ನನ್ನ ಕಡೆ ತಿರುಗಿಸಿದರು. "ಕಟ್ಟಿದವರೆಲ್ಲ ಅತ್ಯುನ್ನತ ಪದಕದವರು. ಪರೀಕ್ಷೆ ಮಾಡಿ ಪಾಸು ಮಾಡಿದವರ ಸಹಿ ಇಲ್ಲಿದೆ, ನೋಡಿ. ಇದು ಯಾರದು?"

ನನ್ನದು. ಅರವತ್ತೊಂದು ಸಲ.

ಭಾನುವಾರ ಏನಾಗುತ್ತದೆ ಎಂದು ಹೇಳಲು ನಾನೇನು ಭವಿಷ್ಯ ನುಡಿಯಬೇಕಾಗಿಲ್ಲ. ಮೊದಲ ಹತ್ತು ಮಕ್ಕಳು ಏನೂ ಆಗದೆ ದಾಟುತ್ತಾರೆ. ತಾವು ಚಪ್ಪಾಳೆ ತಟ್ಟುತ್ತೀರಿ, ಫೋಟೊದವರು ಫೋಟೊ ತೆಗೆಯುತ್ತಾರೆ. ಈ ಬಣ್ಣದವನ ಮಾತು ಕೇಳಿದ್ದರೆ ಎಂಥ ಕಾರ್ಯಕ್ರಮ ಹಾಳಾಗುತ್ತಿತ್ತು ಎಂದು ತಮ್ಮ ಸಹಾಯಕರು ತಮ್ಮ ಕಿವಿಯಲ್ಲಿ ಹೇಳುತ್ತಾರೆ. ಪ್ರತಿ ಮಗು ಹತ್ತಿದಾಗ ಗಂಟು ಬಿಗಿಯಾಗುತ್ತದೆ, ಇಳಿದಾಗ ಒಂದು ಕೂದಲೆಳೆಯಷ್ಟು ಸಡಿಲಾಗುತ್ತದೆ. ಯಾರಿಗೂ ಕಾಣುವುದಿಲ್ಲ. ಮೂವತ್ತನೆಯ ಮಗುವೋ, ಅರವತ್ತನೆಯದೋ, ಅದು ನನಗೆ ಗೊತ್ತಿಲ್ಲ. ಅದು ಯಾರ ಮನೆಯ ಮಗು ಎಂಬುದು ತಮಗೂ ಗೊತ್ತಿಲ್ಲ. ಈ ಪತ್ರವನ್ನು ತಮ್ಮ ಮೇಜಿಗೆ ಕಳಿಸದೆ ಎಲ್ಲರೂ ಓದುವಂತೆ ಅಚ್ಚು ಹಾಕಿಸುತ್ತಿರುವುದು ಅದಕ್ಕೇ. ಆ ನೂರ ನಲವತ್ತು ಮನೆಗಳಲ್ಲಿ ಯಾರಾದರೂ ಓದಲಿ.

ಇದನ್ನೆಲ್ಲ ಗುಬ್ಬಿಗೂ ಹೇಳಿದೆ. ಹೇಳಬಾರದಿತ್ತೇನೋ. "ನಾನು ಗಂಟಿನ ಹತ್ರಾನೇ ನಿಂತಿರ್ತೀನಿ ಮಾವ," ಎಂದಳು. "ಜಾರೋಕೆ ಶುರುವಾದ್ರೆ ಕೈಯಲ್ಲಿ ಹಿಡ್ಕೋತೀನಿ. ಮಕ್ಕಳು ಈಚೆಗೆ ಬರೋವರೆಗೂ ಬಿಡಲ್ಲ."

ಮಾನ್ಯರೇ, ನೂರು ಎಳೆತ, ಹದಿನೆಂಟು ತಿಂಗಳು, ಅಂಗೈಯ ಜಡ್ಡು, ಇವೆಲ್ಲ ಒಬ್ಬ ಹುಡುಗನೋ ಹುಡುಗಿಯೋ ಕೊನೆಗೆ ಈ ಮಾತು ಆಡಲಿ ಎಂದೇ ಇದ್ದವು. ಯಾರೂ ಏನೂ ಕಲಿಸದೆಯೇ ಅವಳು ಅದನ್ನು ಆಡಿದಳು. ಪದಕ ಕೊಡುವುದಾದರೆ ಆವತ್ತು ಕೊಡಬೇಕಿತ್ತು. ಆದರೆ ಅವಳಿಗೆ ಗೊತ್ತಿಲ್ಲದ ಒಂದು ವಿಷಯ ನನಗೆ ಗೊತ್ತಿದೆ. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಜೊತೆಯವನೊಬ್ಬನ ಹಗ್ಗ ಜಾರಿದಾಗ ನಾನೂ ಹೀಗೆಯೇ ಕೈಯಲ್ಲಿ ಹಿಡಿದೆ, ಬಿಡಲಿಲ್ಲ. ಅವನು ಉಳಿದ. ನನ್ನ ಎಡಗೈಯಲ್ಲಿ ಈಗ ಮೂರು ಬೆರಳಿವೆ. ಆವತ್ತು ಹಗ್ಗದ ತುದಿಯಲ್ಲಿದ್ದವನು ಒಬ್ಬನೇ, ನನ್ನ ಕಾಲ ಕೆಳಗೆ ಸಿಮೆಂಟಿನ ನೆಲವಿತ್ತು. ಗುಬ್ಬಿ ನಲವತ್ತೆರಡು ಕಿಲೋ ಇದ್ದಾಳೆ, ನಿಲ್ಲುವುದು ಗಣಿಯ ಅಂಚಿನಲ್ಲಿ. ಅವಳು ಬಿಡುವುದಿಲ್ಲ. ಅವಳನ್ನು ಎತ್ತಿ ಆಡಿಸಿದವನು ನಾನು, ನನಗೆ ಗೊತ್ತು, ಅವಳು ಬಿಡುವುದಿಲ್ಲ.

ಆದ್ದರಿಂದ ಶನಿವಾರ ಸಂಜೆ ಐದು ಗಂಟೆಯೊಳಗೆ ಆ ಸೇತುವೆಯನ್ನು ಬಿಚ್ಚಿಸಬೇಕು. ನಾನು ಸಹಿ ಹಾಕಿದ ಅರವತ್ತೊಂದು ಪದಕಗಳನ್ನು ತಡೆಹಿಡಿದು, ಆ ಮಕ್ಕಳ ಸೀಟಿಗೆ ಕುತ್ತು ತಾರದೆ, ಮೊದಲಿನಿಂದ ಕಲಿಸಬೇಕು. ಕಲಿಸಲು ನಾನು ಬರುತ್ತೇನೆ. ಸುಳ್ಳು ಸಹಿಗೆ ಶಿಕ್ಷೆ ಇದ್ದರೆ ಅದನ್ನು ನನಗೆ ಕೊಡಿ, ಅವರಿಗೆ ಬೇಡ. ಶನಿವಾರ ಸಂಜೆಯಾದರೂ ಹಗ್ಗ ಅಲ್ಲೇ ಇದ್ದರೆ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನಾನು ಗಣಿಯ ಹತ್ತಿರ ಇರುತ್ತೇನೆ, ಕೈಯಲ್ಲಿ ಚಾಕು ಇರುತ್ತದೆ. ಸರ್ಕಾರಿ ಆಸ್ತಿ ಕತ್ತರಿಸಿದವನನ್ನು ಹಿಡಿಯಲು ಪೊಲೀಸರನ್ನು ಈಗಲೇ ಕರೆಸಿಟ್ಟುಕೊಳ್ಳಿ. ನಾನು ಓಡಿಹೋಗುವುದಿಲ್ಲ. ಅವರು ಬರುವಾಗ ಈಜು ಬರುವವರೇ ಬರಲಿ, ಅಕಸ್ಮಾತ್ ನನ್ನನ್ನು ತಡೆದುಬಿಟ್ಟರೆ ಹತ್ತು ಗಂಟೆಯ ಮೇಲೆ ಅವರ ಅಗತ್ಯ ಬೀಳುತ್ತದೆ.

ಇಂತಿ,
ತಮ್ಮ ಕಡತದಲ್ಲಿ ಎಲ್ಲವೂ ಸರಿಯಾಗಿದೆ ಎಂದು ಬರೆದುಕೊಟ್ಟ
ಗೌರವ ಪರೀಕ್ಷಕ