ಓಗುಂಡಿಗೆ ಹೆಸರಿಡುವ ಮುಂಚೆ

ಧೂಳುಮಾಸ, ಮೂವತ್ತೇಳನೇ ತಾರೀಖು
ಗದಗ, ಕೆಳಗಣ ಓಣಿ

ಹಿಂದಿನ ಕಾಲದ ತಾಯಂದಿರಿಗೂ ತಂದೆಯರಿಗೂ, ತೊಟ್ಟಿಲ ಪಕ್ಕ ನಿದ್ದೆಗೆಟ್ಟು ಕೂತ ಸಕಲರಿಗೂ ಫಕ್ಕೀರಪ್ಪನ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಹನ್ನೆರಡು ತಿಂಗಳಲ್ಲಿ ನಮ್ಮ ಬೇಸಿಗೆ ಹಿಡಿಸಲಿಲ್ಲ. ಹೋಳಿಗೂ ಮುಂಗಾರಿಗೂ ನಡುವೆ ಇನ್ನೊಂದು ತಿಂಗಳು ಸೇರಿಸಿದೆವು. ಅದೂ ಸಾಲದಾದಾಗ ಅದರ ಬಾಲ ಉದ್ದ ಮಾಡಿದೆವು. ನನ್ನ ಬರಹದಲ್ಲಿ ಗೊತ್ತಿಲ್ಲದ ಪದ ಸಿಕ್ಕರೆ ಅಕ್ಕಿಯಲ್ಲಿ ಸಿಕ್ಕ ಹರಳಿನಂತೆ ಪಕ್ಕಕ್ಕಿಟ್ಟು ಮುಂದೆ ಹೋಗಿ. ನಿಮ್ಮ ಪದಗಳೂ ನಮಗೆ ಅಷ್ಟೇ ಒಗಟು: ‘ಟ್ರಾಫಿಕ್’ ಅನ್ನುವುದು ಹಬ್ಬವೋ ಜಡ್ಡೋ ಎಂದು ನಮ್ಮಲ್ಲಿ ಇನ್ನೂ ವಾದ ನಡೆದಿದೆ. ಈ ಕಾಗದ ಹಿಂದಕ್ಕೆ ಹೇಗೆ ಬರುತ್ತದೆ ಎಂದು ಕೇಳಬೇಡಿ. ಬರೆಯುವುದು ನನ್ನ ಪಾಲು, ತಲುಪಿಸುವುದು ಕಾಲದ ಪಾಲು. ನಡುನಡುವೆ ಎದ್ದು ಹೋಗುತ್ತಿರುತ್ತೇನೆ, ಅದಕ್ಕೂ ಕ್ಷಮೆಯಿರಲಿ. ಒಳಮನೆಯಲ್ಲಿ ನನ್ನ ತಮ್ಮನ ಮಗಳು ಹೊನ್ನಿ ಆಡುತ್ತಿದ್ದಾಳೆ. ಎರಡು ತುಂಬಿ ಮೂರರ ಕಡೆ ನಡೆದಿದ್ದಾಳೆ. ಕಿವಿ ನೆಟ್ಟಗಿವೆ, ನಾಲಿಗೆ ನೆಟ್ಟಗಿದೆ. ಹೆಸರು ಹಿಡಿದು ಕೂಗಿದರೆ ಮಾತ್ರ ಓಗೊಡುವುದಿಲ್ಲ. ಕೂಗಿ ನೋಡುತ್ತೇನೆ, ಬಂದು ಕೂಡುತ್ತೇನೆ, ಎರಡು ಸಾಲು ಬರೆದು ಮತ್ತೆ ಏಳುತ್ತೇನೆ. ನನ್ನ ಕಾಲಿಗೂ ಸಮಾಧಾನವಿಲ್ಲ, ಕಾಗದಕ್ಕೂ ಇಲ್ಲ.

ನಾವು ಇರುವುದು ನೆಲದ ಮೇಲಲ್ಲ, ನೆಲದ ಹೊಟ್ಟೆಯಲ್ಲಿ. ಗರಸು ನೆಲ ಕಡಿದು ಮಾಡಿದ ಈ ಮನೆಗಳಿಗೆ ನೆಲಮನೆ ಎನ್ನುತ್ತೇವೆ. ಬೆಳಕಿಂಡಿಯಿಂದ ಒಂದು ತಂಬಿಗೆಯಷ್ಟು ಬೆಳಕು ಇಳಿಯುತ್ತದೆ; ಅದನ್ನೇ ಕನ್ನಡಿಯಿಂದ ಕನ್ನಡಿಗೆ ದಾಟಿಸಿ ಅಡುಗೆಮನೆ ತನಕ ಒಯ್ಯುತ್ತೇವೆ. ನಡುಹಗಲು ಊರಿಗೆ ಊರೇ ಮಲಗುತ್ತದೆ, ಇಳಿಹೊತ್ತಿಗೆ ಎದ್ದು ರೊಟ್ಟಿ ಬಡಿಯುತ್ತದೆ. ಆ ಬಡಿಯುವ ಸದ್ದೊಂದು ನಿಮ್ಮ ಕಾಲದ್ದೇ, ಅದನ್ನು ಯಾರಿಗೂ ಬದಲಿಸಲಾಗಿಲ್ಲ. ಕತ್ತಲು ಹೆಚ್ಚು, ಸಾಮಾನು ಹೆಚ್ಚು, ಜನ ಇನ್ನೂ ಹೆಚ್ಚು. ಮಲಗುವ ಹೊತ್ತಲ್ಲಿ ಒಂದು ಕೂಸು ಅತ್ತರೆ ದನಿ ಗೋಡೆಯಿಂದ ಗೋಡೆಗೆ ಬಡಿದು, ಓಣಿಯ ಎಲ್ಲ ಮನೆಯಲ್ಲೂ ಅದೇ ಕೂಸು ಹುಟ್ಟಿದಂತಾಗುತ್ತದೆ. ಹಾಗಾಗಿ ನೀವು ನಿಪ್ಪಲ್ ಅಂತಲೋ ಪ್ಯಾಸಿಫೈಯರ್ ಅಂತಲೋ ಕರೆಯುವ, ಹಾಲಿಲ್ಲದ ಆ ರಬ್ಬರಿನ ತೊಟ್ಟು ನಮ್ಮಲ್ಲಿ ಮನೆಯ ಸಾಮಾನಲ್ಲ, ಓಣಿಯ ಶಾಂತಿ. ನಾವು ಅದಕ್ಕೆ ಚೀಪಣಿ ಎನ್ನುತ್ತೇವೆ. ಬಾಯಲ್ಲಿದ್ದರೆ ನೆಮ್ಮದಿ, ಬಿದ್ದರೆ ಬೊಬ್ಬೆ, ಕಳೆದರೆ ಕದನ.

ಕಳೆಯುವುದೋ, ಅದಕ್ಕೆ ಹುಟ್ಟುಗುಣ. ನಿಮ್ಮ ಕಾಲದಲ್ಲಿ ಬೀಗದಕೈ ಹುಡುಕಲು ಒಂದು ಗುಂಡಿ ಇತ್ತಂತೆ; ಫೋನು ಒತ್ತಿದರೆ ಅದು ಟೀಂ ಟೀಂ ಅನ್ನುತ್ತಿತ್ತಂತೆ. ಅದನ್ನು ಕೂಸಿನ ಚೀಪಣಿಗೆ ಕೂರಿಸೋಣ ಎಂದು ನಿಮ್ಮಲ್ಲೇ ಯಾರಿಗೋ ಹೊಳೆಯಿತು. ಒಳ್ಳೆಯದೇ ಹೊಳೆಯಿತು, ಇಲ್ಲ ಅನ್ನುವುದಿಲ್ಲ. ಕತ್ತಲಲ್ಲಿ ಮಂಚದ ಕೆಳಗೆ ತೆವಳಿದವರಿಗೆ ಅದರ ಬೆಲೆ ಗೊತ್ತು. ಆದರೆ ಆ ಟೀಂ ಟೀಂ ಕೇಳಿ ಮಲಗಿದ ಕೂಸೂ ಏಳುತ್ತಿತ್ತು. ಅದಕ್ಕೆ ಮೆಲುದನಿ ಕೊಟ್ಟರು, ಫೋನೂ ಬೇಡ, ಬಾಯಲ್ಲೇ ಕರೆಯಿರಿ ಎಂದರು. ಓಣಿಯಲ್ಲಿ ಒಬ್ಬರು ಕರೆದರೆ ಎಲ್ಲರ ಚೀಪಣಿಯೂ ಕೂಗತೊಡಗಿತು. ಅದಕ್ಕೆ ಒಂದೊಂದಕ್ಕೆ ಒಂದೊಂದು ಹೆಸರು ಕೊಡುವ ಏರ್ಪಾಡಾಯಿತು. ಪ್ಯಾಕೀಟು ಬಿಚ್ಚಿದ ಮೇಲೆ ಅದರ ಹತ್ತಿರ ಮೊದಲು ಯಾವ ಹೆಸರು ಹೇಳುತ್ತೀರೋ ಅದೇ ಅದರ ಹೆಸರು, ಮತ್ತೆ ಬದಲಾಗದು. ಕದ್ದವರು ಹೆಸರು ತಿದ್ದಬಾರದಲ್ಲ! ಆ ಹೆಸರಿನಿಂದ ಕರೆದರೆ ಬಿದ್ದಲ್ಲಿಂದಲೇ ಅದು ‘ಓ’ ಅನ್ನುತ್ತದೆ, ಮನೆಯ ಮಗುವಿನ ಹಾಗೆ. ಹೀಗಾಗಿ ಅದಕ್ಕೆ ಓಗುಂಡಿ ಎಂದೇ ಹೆಸರಾಯಿತು. ಬಾಯಿ ಮುಚ್ಚಿಸಲು ಬಂದದ್ದಕ್ಕೆ ಬಾಯಿ ಬಂತು.

ಇಲ್ಲಿಯವರೆಗೂ ತಪ್ಪು ಯಾರದೂ ಅಲ್ಲ. ಇನ್ನು ನಮ್ಮ ಕಡೆಯ ತೊಟ್ಟಿಲ ಶಾಸ್ತ್ರ ಗೊತ್ತಲ್ಲ? ಸೋದರತ್ತೆ ಕೂಸಿನ ಕಿವಿಗೆ ಬಾಯಿ ಹಚ್ಚಿ ‘ಕುರ್‌ರ್’ ಅಂದು ಹೆಸರು ಹೇಳಬೇಕು, ಸುತ್ತ ನಿಂತ ಹೆಂಗಸರು ಆಕೆಯ ಬೆನ್ನಿಗೆ ಗುದ್ದಬೇಕು. ಕುಂಚಿಗೆ, ಉಡದಾರ ಸೋದರತ್ತೆಯೇ ತರಬೇಕು. ಅವುಗಳ ಜೊತೆಗೆ ಓಗುಂಡಿಯ ಚೀಪಣಿಯೂ ಸೇರಿತು. ಪ್ಯಾಕೀಟು ತೊಟ್ಟಿಲ ಮುಂದೆಯೇ ಬಿಚ್ಚಿ, ಅರಿಶಿನ ಕುಂಕುಮ ಮುಟ್ಟಿಸಿ ಕೂಸಿನ ಬಾಯಿಗಿಟ್ಟು, ಆಮೇಲೆ ಹೆಸರು ಹೇಳುವುದು ಪದ್ಧತಿಯಾಯಿತು. ಕಿವಿಗೂ ಬಾಯಿಗೂ ಎಷ್ಟು ದೂರ, ಹೇಳಿ? ಹೆಸರು ಹೇಳಿದ್ದು ಕೂಸಿಗೆ, ಕಲಿತದ್ದು ಚೀಪಣಿ. ಹಾಗೆ ಓಣಿಯ ಅಷ್ಟೂ ಮಕ್ಕಳ ಹೆಸರು ಅವರವರ ಚೀಪಣಿಗೂ ಆಯಿತು. ಯಾರೂ ಬೇಸರಪಡಲಿಲ್ಲ, ಎರಡು ಹೆಸರು ನೆನಪಿಡುವ ಕಷ್ಟ ತಪ್ಪಿತು ಎಂದರು. ನನ್ನ ಅಕ್ಕ ಕಸ್ತೂರಿ ನಮ್ಮ ಹೊನ್ನಿಗೆ ಹೆಸರಿಟ್ಟಾಗ ಬೆನ್ನಿಗೆ ಬಿದ್ದ ಗುದ್ದು ನೋಡಿ ನಾನೂ ನಕ್ಕವನೇ.

ಎದ್ದು ಹೋಗಿ ಬಂದೆ. ‘ಹೊನ್ನೀ’ ಅಂದೆ. ಆಕೆ ತಲೆ ಎತ್ತಲಿಲ್ಲ, ಚೆಂಬಿಗೆ ಅರಿವೆ ಉಡಿಸುತ್ತಿದ್ದಾಳೆ.

ಹೋದ ವಾರ ನಡೆದದ್ದನ್ನು ಹೇಳುತ್ತೇನೆ. ಓಣಿಯ ಹಗೇವಿನ ಬಾಯಿ ತೆಗೆದಿದ್ದರು. ಹಗೇವು ನಿಮಗೆ ಗೊತ್ತಿರಬೇಕು, ಜೋಳ ತುಂಬಿಡುವ ನೆಲದ ಕಣಜ; ನೀವು ಮುಚ್ಚಿದ್ದನ್ನು ನಾವು ಮತ್ತೆ ತೋಡಿಕೊಂಡಿದ್ದೇವೆ. ಬಹಳ ದಿನ ಮುಚ್ಚಿದ ಹಗೇವಿನ ಗಾಳಿ ಕೆಟ್ಟದ್ದು, ಕೂಡಲೇ ಇಳಿದವನು ಏಳುವುದಿಲ್ಲ. ಬಾಯಿ ತೆಗೆದು ಬಿಟ್ಟು, ಆಮೇಲೆ ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಹಾಗೆ ಬಿಟ್ಟು ಎಲ್ಲರೂ ಚಹಾಕ್ಕೆ ಹೋದ ಹೊತ್ತಿನಲ್ಲಿ ಹೊನ್ನಿಯ ತಾಯಿ ಶಾಂಭವಿಗೆ ಮಗಳು ಕಾಣಲಿಲ್ಲ. ಮನೆಯಲ್ಲಿ ನೋಡಿದಳು, ನೆರೆಮನೆಯಲ್ಲಿ ನೋಡಿದಳು, ಓಣಿಗೆ ಬಂದು “ಹೊನ್ನೀ, ಎಲ್ಲಿ ಅದೀಯವ್ವಾ?” ಎಂದು ಕೂಗಿದಳು.

“ಓ” ಅಂದಿತು ಹಗೇವು.

ಆ ‘ಓ’ ನನ್ನ ಎದೆಯಿಂದ ಇನ್ನೂ ಇಳಿದಿಲ್ಲ. ಶಾಂಭವಿ ಕಿರುಚಿದ್ದಕ್ಕೆ ಅಷ್ಟೂ ಮನೆಯವರು ಓಡಿ ಬಂದರು, ದೊಡ್ಡವರ ಹಿಂದೆ ಮಕ್ಕಳು. “ಹಗೇವಿನಾಗ ಬಿದ್ದೈತ್ರೋ ಕೂಸು!” ಎಂದು ಒಬ್ಬರು, “ದೀಪ ಇಳಿಸ್ರೋ ಮೊದಲ!” ಎಂದು ಇನ್ನೊಬ್ಬರು. ನನ್ನ ತಮ್ಮ ಈರಣ್ಣ ಅಂಗಿ ಕಳಚಿ ಎಸೆದಿದ್ದ. “ನೀವು ದೀಪ ಇಳಿಸೂತನಕ ನನ್ನ ಮಗಳು ಉಳೀಬೇಕಲ್ಲ!” ಅಂದ. ಕಸ್ತೂರಕ್ಕ ಬಲವಂತದಿಂದ ಅವನ ಸೊಂಟಕ್ಕೆ ಹಗ್ಗ ಸುತ್ತಿದಳು. ಸುತ್ತುತ್ತಿದ್ದಾಗ ಯಾವುದೋ ಮಗು ಹಗೇವಿನ ಬಾಯಿಗೆ ಬಗ್ಗಿ ನೋಡಲು ಬಂತು. ಅಕ್ಕ ತಿರುಗಿಯೂ ನೋಡದೆ ಮೊಣಕೈಯಿಂದ ಹಿಂದಕ್ಕೆ ದೂಡಿ, “ಯಾರದಿದು ಕೂಸು? ಹಿಂದ ಸರಿಸ್ರಿ, ಇದೂ ಬಿದ್ದೀತು!” ಎಂದು ಗದರಿದಳು. ಈರಣ್ಣ ಇಳಿಯುತ್ತಾ “ಹೊನ್ನೀ” ಅಂದ. ಕೆಳಗಿನಿಂದ “ಓ” ಬಂತು. “ಬಂದ್ನಿ ಮಗಳ, ಬಂದ್ನಿ” ಅಂದ. ಇನ್ನೊಮ್ಮೆ ಹೆಸರು ಕರೆಯಲು ಹೋದವನ ಮಾತು ಅರ್ಧಕ್ಕೇ ನಿಂತಿತು, ಹಗ್ಗ ಜಗ್ಗಿ ಭಾರವಾಯಿತು.

ಎಳೆದೆವು. ನೀಲಿಗಟ್ಟಿದ ತುಟಿ, ಕಣ್ಣು ಮೇಲೆ. ಬೀಸಣಿಗೆ ಬೀಸಿದೆವು, ಎದೆ ಉಜ್ಜಿದೆವು, ಒಬ್ಬರು ಬಾಯಿಗೆ ಬಾಯಿಟ್ಟು ಊದಿದರು. ಉಸಿರು ಸಿಕ್ಕಿತು, ಎಚ್ಚರ ಸಿಗಲಿಲ್ಲ. ಶಾಂಭವಿ ತಾನೇ ಹಾರುತ್ತೇನೆಂದು ಜಗ್ಗಾಡುತ್ತಿದ್ದಳು, ಹೆಂಗಸರು ಆಕೆಯನ್ನು ತಬ್ಬಿ ಹಿಡಿದಿದ್ದರು. ಆಗ ಯಾರೋ ಬೆಳಕಿಂಡಿಯ ಕನ್ನಡಿ ತಿರುಗಿಸಿ ಬೆಳಕನ್ನು ಹಗೇವಿನೊಳಗೆ ಬಿಟ್ಟರು. ಬಗ್ಗಿ ನೋಡಿದೆವು. ಜೋಳದ ರಾಶಿ. ರಾಶಿಯ ಮೇಲೆ ಹಸಿರು ಬಣ್ಣದ ಒಂದು ಚೀಪಣಿ. ಮತ್ತೇನೂ ಇಲ್ಲ.

“ಹೊನ್ನೀ” ಅಂದಳು ಶಾಂಭವಿ, ನಂಬಲಾರದೆ.

“ಓ” ಅಂದಿತು ಚೀಪಣಿ, ಬಹಳ ವಿನಯದಿಂದ. ಗಾಬರಿಯಲ್ಲಿ ಅದರ ನೆನಪೇ ಯಾರಿಗೂ ಬಂದಿರಲಿಲ್ಲ.

ಆಗ ನನ್ನ ಧೋತರದ ಚುಂಗು ಯಾರೋ ಹಿಡಿದಂತಾಯಿತು. ನೋಡಿದರೆ ಅಕ್ಕ ಹಿಂದೆ ದೂಡಿದ್ದ ಅದೇ ಮಗು, ಗುಂಪಿನ ಕಾಲುಗಳ ನಡುವೆ ನುಸುಳಿ ಮತ್ತೆ ಮುಂದೆ ಬಂದಿತ್ತು. ಎಲ್ಲರ ಜೊತೆ ತಾನೂ ಬಗ್ಗಿ, ಬೆರಳು ಮಾಡಿ ಹಗೇವು ತೋರಿಸಿ, ನಮಗೆ ತಿಳಿಯಲಿ ಎಂಬ ಕಾಳಜಿಯಿಂದ ಹೇಳಿತು: “ಹೊನ್ನಿ ಅಲ್ಲೈತಿ.”

ಹೇಳಿದವಳು ಹೊನ್ನಿ.

ಊರೆಲ್ಲ ಆಕೆಯ ಹೆಸರು ಕೂಗುತ್ತಿದ್ದಾಗ ಆಕೆ ನಮ್ಮ ಕಾಲ ಬುಡದಲ್ಲೇ ನಿಂತು, ಹೊನ್ನಿ ಸಿಗಲಿ ಎಂದು ನಮ್ಮಷ್ಟೇ ಕಾಯುತ್ತಿದ್ದಳು. ಆ ಹೆಸರಿಗೆ ತಾನು ಓಗೊಡಬೇಕು ಎಂಬುದು ಆಕೆಗೆ ಗೊತ್ತೇ ಇರಲಿಲ್ಲ. ಹುಟ್ಟಿದಾಗಿನಿಂದ ಆ ಹೆಸರು ಕೂಗಿದಾಗಲೆಲ್ಲ ಓ ಅಂದದ್ದು ಬೇರೆಯದೇ. ಹೊನ್ನಿ ಅಂದರೆ ಹಸಿರಾಗಿರುತ್ತದೆ, ಬಾಯಲ್ಲಿಟ್ಟುಕೊಂಡರೆ ಮೆತ್ತಗಿರುತ್ತದೆ, ಆಗಾಗ ಕಳೆಯುತ್ತದೆ. ಆಕೆ ಅಷ್ಟನ್ನು ಸರಿಯಾಗಿಯೇ ಕಲಿತಿದ್ದಳು.

ಈರಣ್ಣ ಸಂಜೆಗೆ ಕಣ್ಣು ಬಿಟ್ಟ. ತಲೆನೋವು ಇನ್ನೂ ಇದೆ, ನಡೆದರೆ ಗೋಡೆ ಹಿಡಿಯುತ್ತಾನೆ. ಎಚ್ಚರವಾದ ಕೂಡಲೇ ಕೇಳಿದ್ದು, “ಓ ಅಂತಿದ್ದಳಲ್ಲ, ಮ್ಯಾಲೆ ತಂದ್ರೇನು?” ಎಂದು. ಶಾಂಭವಿ ಅವನ ಹಣೆ ಒತ್ತುತ್ತಲೇ ಕಸ್ತೂರಕ್ಕನ ಕಡೆ ತಿರುಗಿ, “ಅಕ್ಕಾರ, ನೀವು ಹೆಸರು ನನ್ನ ಮಗಳಿಗೆ ಇಟ್ಟಿದ್ರೋ, ರಬ್ಬರಿಗೆ ಇಟ್ಟಿದ್ರೋ?” ಅಂದಳು. ಅಕ್ಕನೂ ಬಿಡುವವಳಲ್ಲ. “ನಾ ಕಿವ್ಯಾಗ ಹೇಳೀನಿ, ಬಾಯಾಗ ಹೇಳಿಲ್ಲ. ಇಟ್ಟ ಹೆಸರು ಹಿಂದಕ್ಕ ತಗೊಳ್ಳಾಕ ಅದೇನು ಕಡಾ ಕೊಟ್ಟ ಹಿಟ್ಟಲ್ಲ” ಅಂದಳು. ಅಂದವಳೇ ಹಿತ್ತಲಿಗೆ ಹೋಗಿ, ಯಾರಿಗೂ ಕಾಣದಂತೆ ಅತ್ತಳು. ಓಗುಂಡಿ ಮಾಡಿದವರಿಗೆ ತಿಳಿಸಿದೆವು. ಗುಂಡಿ ಕರೆದಾಗ ಓಗೊಟ್ಟಿದೆ, ಅದರಲ್ಲಿ ದೋಷವಿಲ್ಲ ಎಂದು ಉತ್ತರ ಬಂತು. ಅವರ ಮಾತೂ ಖರೆ.

ಮರುದಿನ ಓಣಿಯ ತಾಯಂದಿರೆಲ್ಲ ತಮ್ಮ ತಮ್ಮ ಮಕ್ಕಳನ್ನು ಎದುರು ಕೂರಿಸಿಕೊಂಡು ಕೂಗಿ ನೋಡಿದರು. ಒಂದು ಮನೆಯಲ್ಲಿ ಹಾಸಿಗೆ ಓ ಅಂದಿತು, ಇನ್ನೊಂದರಲ್ಲಿ ಹಿಟ್ಟಿನ ಡಬ್ಬಿ, ಮತ್ತೊಂದರಲ್ಲಿ ಮಲಗಿದ್ದ ಅಜ್ಜನ ಬಗಲು. ಮಕ್ಕಳು ಆ ಸದ್ದಿನ ಕಡೆ ನೋಡಿ ಚಪ್ಪಾಳೆ ತಟ್ಟಿದವು.

ನಾವು ಹೊನ್ನಿಯ ಚೀಪಣಿಯ ಗುಂಡಿ ಕಿತ್ತು ಹಾಕಿದೆವು. ಅದೊಂದೇ ದಾರಿ ಉಳಿದಿತ್ತು. ಕಸ್ತೂರಕ್ಕ ತೊಟ್ಟಿಲ ಶಾಸ್ತ್ರ ಮತ್ತೊಮ್ಮೆ ಮಾಡುತ್ತೇನೆಂದು ಹಟ ಹಿಡಿದಳು. ಹೊನ್ನಿಯ ಕಾಲು ತೊಟ್ಟಿಲಿನಿಂದ ಹೊರಗೆ ಜೋತಾಡುತ್ತಿದ್ದವು. ಅಕ್ಕ ಕಿವಿಯಲ್ಲಿ ‘ಕುರ್‌ರ್’ ಅಂದರೆ ಹೊನ್ನಿ ಕಚಗುಳಿಗೆ ನಕ್ಕಳು. “ನೀನ ಹೊನ್ನಿ, ನೀನ” ಎಂದು ಅಕ್ಕ ಎದೆ ಮುಟ್ಟಿ ತೋರಿಸಿದಳು. ಹೊನ್ನಿ ತನ್ನ ಅಂಗಿ ಎತ್ತಿ, ಅಲ್ಲಿ ಚೀಪಣಿ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ನೋಡಿದಳು. ಆವತ್ತು ಅಕ್ಕನ ಬೆನ್ನಿಗೆ ಗುದ್ದಲು ಯಾರಿಗೂ ಕೈ ಬರಲಿಲ್ಲ. ಆಮೇಲಿನ ದಿನಗಳು ಹೇಗೆ ಹೋದವು ಎಂದರೆ, ನಾವು ಕೂಗುವುದು, ಮೌನ. ಮತ್ತೆ ಕೂಗುವುದು, ಮತ್ತೆ ಮೌನ. ಕೂಗಿದ ಮೇಲೆ ಹೊನ್ನಿಯೂ ಒಂದು ಗಳಿಗೆ ಕಿವಿಗೊಡುತ್ತಿದ್ದಳು. ಓ ಬರದಿದ್ದರೆ ಆಕೆಯ ಮುಖ ಸಣ್ಣದಾಗುತ್ತಿತ್ತು. ಹೊನ್ನಿ ಎಲ್ಲಿಗೋ ಹೋಗಿಬಿಟ್ಟಿದೆ ಎಂದು ಆಕೆ ಚಿಂತೆ ಮಾಡುತ್ತಿದ್ದಳು.

ಇದಿಷ್ಟು ಬರೆದು ಮುಗಿಸಿ, ನಿಮ್ಮ ಮೇಲೆ ಸಿಟ್ಟು ಕಾರಿ ಕಾಗದ ಮಡಿಸಬೇಕು ಎಂದುಕೊಂಡಿದ್ದೆ. ಆದರೆ ಈಗ ಸ್ವಲ್ಪ ಹೊತ್ತಿನ ಹಿಂದೆ, ಶಾಂಭವಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ, ಬಾಗಿಲಲ್ಲಿ ನಿಂತ ಹೊನ್ನಿ ತನ್ನಪ್ಪ ಕರೆಯುವ ಅದೇ ರಾಗದಲ್ಲಿ “ಶಾಂಭವೀ” ಅಂದಳು.

ಶಾಂಭವಿ ಹಿಂದೆ ಮುಂದೆ ಯೋಚಿಸದೆ “ಓ” ಅಂದಳು.

ಹೊನ್ನಿ ದಂಗಾಗಿ ನಿಂತಳು. ಮೆಲ್ಲಗೆ ಬಂದು, ತಾಯಿಯ ಗದ್ದ ಹಿಡಿದು ಬಾಯಿ ತೆಗೆಸಿ, ಒಳಗೆ ಬಗ್ಗಿ ನೋಡಿದಳು. ಹಲ್ಲಿನ ಸಾಲು ಮುಟ್ಟಿದಳು, ನಾಲಿಗೆ ಮುಟ್ಟಿದಳು, ಗುಂಡಿ ಎಲ್ಲೂ ಸಿಗಲಿಲ್ಲ. ಬೆರಳು ತುಟಿಯ ಮೇಲಿಟ್ಟುಕೊಂಡೇ ಇನ್ನೊಮ್ಮೆ “ಶಾಂಭವೀ” ಅಂದಳು. ಹಿಟ್ಟಿನ ಕೈ ಹಾಗೇ ಗಾಳಿಯಲ್ಲಿ ಹಿಡಿದು, ಕಣ್ಣು ತುಂಬಿಕೊಂಡು ಶಾಂಭವಿ “ಓ ನನ್ನವ್ವಾ, ಓ” ಅಂದಳು. ತವೆಯ ಮೇಲಿನ ರೊಟ್ಟಿ ಹೊತ್ತಿತು, ಯಾರೂ ತಿರುವಿ ಹಾಕಲಿಲ್ಲ.

ಅಂದಿನಿಂದ ಎಂದು ಬರೆಯುವಷ್ಟು ಹೊತ್ತೂ ಆಗಿಲ್ಲ, ಆದರೆ ಆಗಿನಿಂದ ಆಕೆ ಮನೆಯವರೆಲ್ಲರ ಹೆಸರು ಕರೆದು ಪರೀಕ್ಷೆ ಮಾಡುತ್ತಿದ್ದಾಳೆ. ಕಸ್ತೂರಕ್ಕ ಸ್ನಾನದ ಮನೆಯಿಂದ ಒದ್ದೆ ಕೂದಲಲ್ಲೇ ಓಡಿ ಬಂದು ಓ ಅಂದಳು. ಈರಣ್ಣ ಹಾಸಿಗೆಯಿಂದ ಅಂದ. ಯಾರಿಗೂ ತಡ ಮಾಡುವ ಧೈರ್ಯವಿಲ್ಲ. ಹೊನ್ನಿ ಅಂದರೆ ಮಾತ್ರ ಆಕೆ ಇನ್ನೂ ಓ ಅಂದಿಲ್ಲ. ಅನ್ನುತ್ತಾಳೋ ಇಲ್ಲವೋ, ಯಾವತ್ತು ಅನ್ನುತ್ತಾಳೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಕೂತಲ್ಲಿ ಕೂರುತ್ತಿದ್ದೆ.

ಆದ್ದರಿಂದ ಹಿಂದಿನವರೇ, ಗುಂಡಿ ಬೇಡ ಎನ್ನುವುದಿಲ್ಲ. ಹಾಕಿ, ನಿದ್ದೆ ಮಾಡಿ, ನಿಮ್ಮ ಬೆನ್ನುನೋವು ನನಗೂ ಗೊತ್ತು. ಅದು ಟೀಂ ಅನ್ನಲಿ, ಟುಂಯ್ ಅನ್ನಲಿ, ಕಪ್ಪೆಯಂತೆ ವಟಗುಟ್ಟಲಿ. ಓ ಎಂಬ ಒಂದಕ್ಷರ ಮಾತ್ರ ಅದಕ್ಕೆ ಕಲಿಸಬೇಡಿ, ಕೂಸಿನ ಹೆಸರು ಅದಕ್ಕೆ ಕೊಡಬೇಡಿ. ಮಗುವನ್ನು ಕರೆದು, ಉತ್ತರ ಬರುವತನಕ ನೀವೇ ಸುಮ್ಮನೆ ನಿಂತಿರಿ. ಎಷ್ಟೇ ಹೊತ್ತಾಗಲಿ, ಆ ಜಾಗದಲ್ಲಿ ಬೇರೆ ಯಾವುದನ್ನೂ ಮಾತಾಡಗೊಡಬೇಡಿ.

ನನ್ನ ಸರದಿ ಬಂದಂತಿದೆ. ಫಕ್ಕೀರಪ್ಪ ಅನ್ನಲು ಬಾರದೆ “ಪಕ್ಕೀಯಾ” ಅನ್ನುತ್ತಿದ್ದಾಳೆ, ದೊಡ್ಡಪ್ಪ ಎಂಬ ಮರ್ಯಾದೆಯೂ ಇಲ್ಲ. ತಡ ಮಾಡಿದರೆ ನನ್ನನ್ನು ಮಂಚದ ಕೆಳಗೆ ಹುಡುಕುತ್ತಾಳೆ. ಬಾಯಿ ತೆಗೆದು ತೋರಿಸಬೇಕಾಗುತ್ತದೆ. ಎಲೆಅಡಿಕೆ ಉಗುಳಿ ಏಳುತ್ತೇನೆ.