ತೊಲೆಯ ಕೆಳಗಿನ ಅಂಬಾಸಿಡರ್

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಬಳ್ಳಾರಿಯಿಂದ ಅದೇ ಬಸ್ಸು, ಕುರುಗೋಡಿನಲ್ಲಿ ಅದೇ ಎರ್ರಣ್ಣನ ಗ್ಯಾರೇಜು. ಅಪ್ಪನ 1964ರ ಅಂಬಾಸಿಡರ್ ಬಾನೆಟ್ ಕಳಚಿಕೊಂಡು ನಿಂತಿದೆ. ರೇಡಿಯೇಟರ್, ವೈರು, ಪೈಪು ಬಿಚ್ಚಿ ಆಯಿತು. ಇನ್ನು ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಕೂಡಿಸಿ ಮೇಲೆತ್ತಬೇಕು. ಚೈನ್ ತೂಗುಹಾಕುವುದು ಹಳೆಯ ಚಾವಡಿಯ ಕಲ್ಲುತೊಲೆಗೆ — ಗ್ಯಾರೇಜು ಇರುವುದೇ ಆ ಚಾವಡಿಯಲ್ಲಿ.

ತೊಲೆಯಲ್ಲಿ ಬಿರುಕು. ಆಚೆಯ ಗಣಿಯಲ್ಲಿ ಸಿಡಿಮದ್ದು ಶುರುವಾದ 2009ರಿಂದ ನೋಡುತ್ತಿದ್ದೇನೆ. ಗಣಿ ಇಲಾಖೆಯ ಕಚೇರಿಗೆ ಮೂರು ಅರ್ಜಿ ಕೊಟ್ಟೆ. ಒಂದಕ್ಕೂ ಉತ್ತರವಿಲ್ಲ. ಈ ದೇಶದಲ್ಲಿ ಕಲ್ಲು ಬಿದ್ದ ಮೇಲೆಯೇ ಕಡತ ಏಳುವುದು.

ಬಿರುಕಿಗೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿ ತಾರೀಖು ಬರೆದೆ. ಹರಿದರೆ ಕಲ್ಲು ಸರಿದಂತೆ.

ಎರ್ರಣ್ಣ ನಕ್ಕ. “ರಿಟೈರ್ ಆದ್ರೂ ಬಿಡವಲ್ರಿ ಮಾಸ್ತರ. ಕಲ್ಲಿಗೂ ಹಾಜರಿ ಹಾಕ್ತೀರಿ.”

ಮಾರ್ಚ್ 26

ಪಟ್ಟಿ ಹರಿದಿದೆ.

“ಗಾಳಿಗೆ ಹರಿದಿರತೈತಿ ಬಿಡ್ರಿ,” ಅಂದ ಎರ್ರಣ್ಣ.

ಸಿರುಗುಪ್ಪದಿಂದ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್ ತರಿಸು, ಅದಕ್ಕೇ ತೂಗುಹಾಕು ಅಂದೆ.

“ಅದು ಹಚ್ಚೊಳ್ಳಿಗೆ ಹೋಗೇತ್ರಿ. ಭತ್ತ ಕೊಯ್ಯೋ ಮಷಿನ್ ಕೆಟ್ಟು ನಿಂತಾವು. ಇಪ್ಪತ್ತು ದಿನ ಅವರು ಬಿಡಂಗಿಲ್ಲ.”

ಆರ್‌ಸಿ ನವೀಕರಣಕ್ಕೆ ಏಪ್ರಿಲ್ 15ರಂದು ಗಾಡಿ ಓಡಿಸಿ ತೋರಿಸಬೇಕು. ಇಲ್ಲವಾದರೆ ಅಪ್ಪನ ಕಾರು ಗುಜರಿಗೆ. ಕಾಯೋಣ ಅನ್ನಬೇಕಿತ್ತು... ಬಸ್ ಹತ್ತಿದೆ.

ಏಪ್ರಿಲ್ 1

ಯುಗಾದಿಗೆ ಚಾವಡಿಗೆಲ್ಲ ಸುಣ್ಣ. ಎರ್ರಣ್ಣನ ಹೆಂಡತಿ ಉಚ್ಚೆಂಗೆಮ್ಮ ಏಣಿ ಹಾಕಿ ತೊಲೆಗೂ ಬಳಿದಿದ್ದಾಳೆ. ನನ್ನ ಪಟ್ಟಿಯ ಮೇಲೂ.

“ಹಬ್ಬದಾಗ ಬಿರುಕು ಕಾಣಬಾರದ್ರಿ,” ಅಂದಳು. “ನಿಮ್ಮ ಅರ್ಜಿಗೆ ಉತ್ತರ ಬಂತು ಅನಕೊಳ್ರಿ.”

ಬೆಳ್ಳಗಿನ ತೊಲೆ ಗಟ್ಟಿಯಾಗಿಯೇ ಕಂಡಿತು. ಹಾಗೆ ಕಾಣಲಿ ಎಂದು ನಾನೂ ಬಯಸಿದ್ದೆ.

“ನಾಳಿ ಎತ್ತಲೇನ್ರಿ ಮಾಸ್ತರ?” ಎಂದು ಎರ್ರಣ್ಣ ಕೇಳಿದ.

ಎತ್ತು ಅಂದೆ.

ಏಪ್ರಿಲ್ 2, ಬೆಳಿಗ್ಗೆ 11.40

ಎಂಜಿನ್ ತೂಗುತ್ತಿದೆ. ಗೇರ್‌ಬಾಕ್ಸಿನ ಹಿಂಭಾಗ ಒಳಗೆ ಸಿಕ್ಕಿಕೊಂಡಿದೆ. ಸಡಿಲಿಸಲು ಎರ್ರಣ್ಣ ಕಾರಿನಡಿ ನುಸುಳಿದ್ದಾನೆ. ಕಾಲು ಮಾತ್ರ ಹೊರಗೆ. ಅಲ್ಲಿಂದಲೇ ಹೆಂಡತಿಗೆ ಕೂಗುತ್ತಾನೆ — “ಏ, ಮಾಸ್ತರಿಗೆ ಚಾ ಕೊಡು, ಮತ್ತೊಂದು ಅರ್ಜಿ ಬರಿಯಾಕ ಹತ್ಯಾರ.”

ಈ ಪುಟದ ಮೇಲೆ ಸುಣ್ಣದ ಪುಡಿ. ಹೊಸ ಸುಣ್ಣ, ಉದುರುತ್ತದೆ. ಹನ್ನೆರಡಕ್ಕೆ ಗಣಿಯಲ್ಲಿ ಸಿಡಿಸುತ್ತಾರೆ. ಅಷ್ಟರಲ್ಲಿ ಮುಗಿದೀತು.

ಏಪ್ರಿಲ್ 9

ಒಂದು ವಾರ ಬರೆಯಲು ಆಗಲಿಲ್ಲ. ತೊಲೆ ಎರಡು ತುಂಡು. ಎಂಜಿನ್ ಬಿದ್ದು ಕಾರು ಪಕ್ಕಕ್ಕೆ ಜರುಗಿತು. ಎರ್ರಣ್ಣ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದಾನೆ. ಬಲಗಾಲು ತೆಗೆದರು. ಎಡಗಾಲಿನ ಬಗ್ಗೆ ಡಾಕ್ಟರು ಏನೂ ಹೇಳುತ್ತಿಲ್ಲ.

ಉಚ್ಚೆಂಗೆಮ್ಮ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಾಳೆ. “ಸುಣ್ಣ ಬಳದಾಕಿ ನಾನಽ.” ಅಲ್ಲಮ್ಮ, ಎತ್ತು ಅಂದವನು ನಾನು — ಎದುರಿಗೇ ನಿಂತಿದ್ದರೂ ಅನ್ನಲಿಲ್ಲ.

ಮಧ್ಯಾಹ್ನ ಪೊಲೀಸರು ಹೇಳಿಕೆಗೆ ಕರೆದರು. “ಬಿರುಕು ಇದ್ದದ್ದು ಯಾರಿಗರ ಗೊತ್ತಿತ್ತೇನ್ರಿ?”

ಮೂರೂ ಅರ್ಜಿಗಳ ನಕಲು ಚೀಲದಲ್ಲಿದ್ದವು. ಕಚೇರಿಯವರ ಮುಖಕ್ಕೆ ಹಿಡಿಯಬೇಕೆಂದು ಒಯ್ದಿದ್ದೆ. ಮೂರರ ಕೆಳಗೂ ನನ್ನದೇ ಸಹಿ.

ಚೀಲ ತೆರೆಯಲಿಲ್ಲ. ಹಬ್ಬಕ್ಕೆ ಸುಣ್ಣ ಬಳಿದಿದ್ದರು, ಬಿರುಕು ಯಾರಿಗೂ ಕಾಣುತ್ತಿರಲಿಲ್ಲ ಎಂದೆ. ಅದನ್ನೇ ಬರೆದುಕೊಂಡರು.

“ಓದಿ ಸಹಿ ಮಾಡ್ರಿ ಮಾಸ್ತರ.”

ಓದಿದೆ. ಒಂದು ಅಕ್ಷರವೂ ಸುಳ್ಳಲ್ಲ. ಪೆನ್ನು ತೆಗೆದು, ಅರ್ಜಿಗಳ ಕೆಳಗಿದ್ದ ಅದೇ ಸಹಿ ಹಾಕಿದೆ.