ಎಪ್ಪತ್ತೊಂದರಿಂದ ಭಾಗಿಸಿದಾಗ

ಕೆಂಗುಡ್ಡ, ಮಂಗಳಗ್ರಹ
ಇಸವಿ ೨೬೮೪, ಹತ್ತೊಂಬತ್ತನೆಯ ತಿಂಗಳು, ಆರನೆಯ ದಿನ

ಬನಶ್ರೀಯ ಮರಿಮಕ್ಕಳ ಮರಿಮಕ್ಕಳಿಗೆ,

ನನ್ನ ಕನ್ನಡ ನಿಮಗೆ ಒರಟೆನಿಸಿದರೆ ಮನ್ನಿಸಿ. ನೆಲ ಮುಟ್ಟುವವರೆಗೆ ನಿಮ್ಮ ನೌಕೆಗೆ ಕಿವಿಯಿಲ್ಲ. ಅಲ್ಲಿಯತನಕ, ಎಂದರೆ ಇನ್ನೂ ನೂರೆಂಬತ್ತು ವರ್ಷ, ಈ ಕಾಗದ ಇಲ್ಲಿನ ಪೆಟ್ಟಿಗೆಯಲ್ಲಿ ಕಾಯುತ್ತದೆ; ಆಮೇಲೆ ಇಲ್ಲಿನವರು ಅದನ್ನು ರೇಡಿಯೊದಲ್ಲಿ ನಿಮಗೆ ಕಳಿಸುತ್ತಾರೆ. ನಾನು ಬನಶ್ರೀಯ ಅಕ್ಕ, ಮುಕ್ತಾ. ಅವಳಿಗಿಂತ ಹನ್ನೊಂದು ನಿಮಿಷಕ್ಕೆ ದೊಡ್ಡವಳು.

ನಮ್ಮೂರಿನಲ್ಲಿ ಹುಟ್ಟಿದವರಿಗೆಲ್ಲ ಹುಟ್ಟಿದ ಕ್ರಮದಲ್ಲಿ ಒಂದೊಂದು ಅಂಕಿ. ನನ್ನದು ೭,೨೦,೭೨೦. ಒಂದರಿಂದ ಹದಿನಾರರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯದು. ಒಟ್ಟು ಇನ್ನೂರ ನಲವತ್ತು ಭಾಜಕಗಳು. ಇಂಥದನ್ನು ನಾವು ಸಂತೆಯಂಕಿ ಎನ್ನುತ್ತೇವೆ. ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಭಾಗವಾಗದ್ದು ಒಂಟಿಯಂಕಿ. ದೂರದ ನಕ್ಷತ್ರಕ್ಕೆ ಹೋಗುವ ನೌಕೆ ಹತ್ತುವವರು ಒಂಟಿಯಂಕಿಯವರೇ ಆಗಿರಬೇಕು. ಶಿಫಾರಸು ನಡೆಯಬಾರದೆಂದು ಹಿರಿಯರು ಮಾಡಿದ ನಿಯಮ ಅದು. ಗಣಕಗಳೆಲ್ಲ ಗಾಳಿ, ನೀರಿನ ಕೆಲಸಕ್ಕೆ ಮೀಸಲಾದ್ದರಿಂದ ಅಂಕಿಗಳ ಪರೀಕ್ಷೆ ಕೈಲೆಕ್ಕದಲ್ಲೇ ನಡೆಯುತ್ತಿತ್ತು. ಆ ಕೆಲಸ ನನ್ನದು.

ಬನಶ್ರೀಯ ಅಂಕಿ ೭,೨೦,೭೨೧. ಎಳವೆಯಿಂದಲೂ ಅವಳಿಗೆ ಹೊರಡುವುದೊಂದೇ ಧ್ಯಾನ. ಊಟಕ್ಕೆ ಕುಳಿತಾಗಲೂ ಬೆರಳಲ್ಲಿ ತಟ್ಟೆಯ ಅಂಚಿನ ಮೇಲೆ ಆ ನೌಕೆಯ ದಾರಿ ಗೀಚುವಳು. ತಂಗಿಯ ಅಂಕಿಯನ್ನು ನಾನು ಬೇರೆಯವರಿಗೆ ಒಪ್ಪಿಸಬೇಕಿತ್ತು. ಒಪ್ಪಿಸಲಿಲ್ಲ. ಎಲ್ಲಾದರೂ ಒಂದು ಭಾಜಕ ಸಿಕ್ಕೀತು, ಅವಳು ಉಳಿದಾಳು ಎಂಬ ಆಸೆ.

ಅರವತ್ತೇಳರವರೆಗೆ ಯಾವುದಕ್ಕೂ ಅದು ಬಗ್ಗಲಿಲ್ಲ. ಎಪ್ಪತ್ತೊಂದರಿಂದ ಭಾಗಿಸಿದೆ. ಹತ್ತು ಸಾವಿರದ ನೂರ ಐವತ್ತೊಂದು, ಶೇಷ ಸೊನ್ನೆ. ಮತ್ತೊಮ್ಮೆ ಮಾಡಿದೆ. ಅದೇ ಬಂತು. ಅವಳು ಉಳಿದಳು ಎಂದುಕೊಂಡೆ. ತಲೆಯೆತ್ತಿದರೆ ಅವಳು ಬಾಗಿಲಲ್ಲಿ ನಿಂತಿದ್ದಳು.

"ಎಪ್ಪತ್ತೊಂದು ನಂಗೆ ಯಾವತ್ತಿಂದಲೋ ಗೊತ್ತು ಅಕ್ಕ. ಬರೀಬೇಡ."

"ಬರೆದ್ರೆ ನೀನು ಇಲ್ಲೇ ಇರ್ತೀಯ."

"ಇರ್ತೀನಿ. ದಿನಾ ನಿನ್ನ ಮುಖ ನೋಡಿ, ಇವಳೇ ತಡೆದಳು ಅಂದ್ಕೋತೀನಿ. ಹಾಗಿರೋಕೆ ನಂಗಿಷ್ಟ ಇಲ್ಲ."

ಅವಳು ಪಕ್ಕದಲ್ಲಿ ಬಂದು ಕುಳಿತಳು. ನಾನು ಎಪ್ಪತ್ತೊಂದರ ಮುಂದೆ 'ಶೇಷ ಒಂಬತ್ತು' ಎಂದು ಬರೆದೆ. ಉಳಿದ ಭಾಗಾಕಾರಗಳನ್ನೆಲ್ಲ ಸರಿಯಾಗಿ ಮಾಡಿ, ಕೊನೆಯಲ್ಲಿ 'ಒಂಟಿಯಂಕಿ' ಎಂದು ಬರೆದು ಸಹಿ ಹಾಕಿದೆ. ಅದಾದ ಹನ್ನೆರಡನೆಯ ದಿನ ನೌಕೆ ಹೊರಟಿತು. ಅವಳು ಹೋಗಿ ಮೂವತ್ತೊಂದು ವರ್ಷವಾಯಿತು. ಈಗಲೂ ಯಾರಾದರೂ ಬಾಗಿಲ ಬಳಿ ಸುಳಿದರೆ ಅರ್ಧಕ್ಕೆ ಲೆಕ್ಕ ಬಿಟ್ಟು ತಲೆಯೆತ್ತುತ್ತೇನೆ.

ನಿಮ್ಮ ದಾಖಲೆಯನ್ನು ತಿದ್ದಬೇಕೆಂದು ಇದನ್ನು ಬರೆಯುತ್ತಿಲ್ಲ. ನನ್ನ ಸುಳ್ಳು ನನ್ನ ಬಳಿಯೇ ಇರಲಿ. ಕೇಳುವುದು ಇಷ್ಟೇ. ಬನಶ್ರೀ ನಗುವಾಗ ಅಂಗೈಯಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಮಗುವಾಗಿದ್ದಾಗ ಯಾರೋ ಅವಳ ಮೂಗನ್ನು ಆಡಿಕೊಂಡಿದ್ದರಂತೆ, ಆ ಅಭ್ಯಾಸ ಹೋಗಲೇ ಇಲ್ಲ. ನಿಮ್ಮಲ್ಲಿ ಯಾರಾದರೂ ಹಾಗೆ ನಗುವವರಿದ್ದರೆ, ಅವರ ಹೆಸರನ್ನು ಕೆಂಗುಡ್ಡಕ್ಕೆ ಬರೆದು ಕಳಿಸಿ. ನಾನಿರುವುದಿಲ್ಲ. ಇಲ್ಲಿ ಯಾರಿರುತ್ತಾರೋ ಅವರು ಗಟ್ಟಿಯಾಗಿ ಓದಲಿ.

ಮುಕ್ತಾ